ಕುಮಟಾದಲ್ಲಿ ಮೈನಸ್ 40 ಡಿಗ್ರಿ: ಚೆಕ್ ಇಂಜಿನ್ ಲೈಟ್ ಬಂದಾಗ ಮಾಡಬೇಕಾದ ಕೆಲಸ

ಜೂನ್ ತಿಂಗಳು. ಗ್ಯಾರೇಜಿನ ತಗಡಿನ ಮೇಲೆ ಮಳೆ ಹೊಡೆಯುವ ಸದ್ದಿಗೆ ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿರಲಿಲ್ಲ. ಶಿರಸಿ ಕಡೆಯ ಹಳ್ಳಿ ಶಾಲೆಯ ಅಕ್ಕೋರು ಒಬ್ಬರು ದೇವಿಮನೆ ಘಟ್ಟ ಇಳಿದು ಬಂದಿದ್ದರು. "ತಮಾ, ನಿನ್ನೆಯಿಂದ ಈ ಹಳದಿ ಲೈಟು ಹತ್ತಿಕೊಂಡೇ ಇದೆ. ಸೆನ್ಸರ್ ಹೋಗಿದೆ ಅಂದ್ರು, ಹೌದಾ?" ಅಂತ ಕೇಳಿದರು. ಸ್ಕ್ಯಾನರ್ ಹಾಕಿದೆ. ಪಿ0113 ಅಂತ ಕೋಡ್, ಅಂದರೆ ಗಾಡಿಯ ಕಂಪ್ಯೂಟರ್ ಬರೆದಿಟ್ಟ ದೋಷದ ನಂಬರ್, ಬಂತು. ಇಂಜಿನ್ ಒಳಗೆ ಹೋಗುವ ಗಾಳಿ ಎಷ್ಟು ಬಿಸಿ ಇದೆ ಅಂತ ನೋಡಿದರೆ ಮೈನಸ್ 40 ಡಿಗ್ರಿ.

ಕುಮಟಾದಲ್ಲಿ ಮೈನಸ್ 40 ಹೇಗೆ ಸಾಧ್ಯ, ಅಲ್ವಾ? ಬಾನೆಟ್ ಎತ್ತಿ ಟಾರ್ಚ್ ಹಿಡಿದೆ. ಏರ್ ಫಿಲ್ಟರ್ ಡಬ್ಬಿಯ ಮಗ್ಗುಲಲ್ಲಿ ಇಲಿ ಗೂಡು ಕಟ್ಟಿತ್ತು. ತೆಂಗಿನ ನಾರು, ಒಣಗಿದ ಅಡಿಕೆ ಸಿಪ್ಪೆ, ಒಂದು ಬಟ್ಟೆ ಚೂರು. ಅದರ ಪಕ್ಕದಲ್ಲೇ ಸೆನ್ಸರಿಗೆ ಹೋಗುವ ಎರಡು ಸಣ್ಣ ವೈರು. ಒಂದು ಪೂರ್ತಿ ತುಂಡಾಗಿತ್ತು. ಗೇಣುದ್ದ ವೈರು, ಅರ್ಧ ಗಂಟೆ ಕೆಲಸ, ಅಷ್ಟೇ. ಅಕ್ಕೋರು ಹೊಸ ಸೆನ್ಸರ್ ಹಾಕಿಸಿದ್ದರೆ ದುಡ್ಡೂ ಹೋಗುತ್ತಿತ್ತು, ಲೈಟೂ ಹಾಗೇ ಇರುತ್ತಿತ್ತು.

ನಾನು ಈ ಕೆಲಸಕ್ಕೆ ಬಿದ್ದು 22 ವರ್ಷ ಆಯಿತು. ಹುಬ್ಬಳ್ಳಿಯಲ್ಲಿ ಕಾರ್ಬ್ಯುರೇಟರ್ ಗಾಡಿಗಳ ಮೇಲೆ ಕೈ ಪಳಗಿಸಿಕೊಂಡು ಊರಿಗೆ ಬಂದವನು. ಕುಮಟಾದಲ್ಲಿ ಕೂತರೆ ಎರಡೂ ಕಡೆಯ ಗಾಡಿ ಬರುತ್ತದೆ. ಘಟ್ಟದ ಮೇಲಿನ ಗಾಡಿಗೆ ಇಲಿ ಕಾಟ. ಕೆಳಗಿನ ಗಾಡಿಗೆ ಉಪ್ಪು ಗಾಳಿ. ಎರಡಕ್ಕೂ ನಾಲ್ಕು ತಿಂಗಳ ಮಳೆ. ಹಾಗಾಗಿ ಕೋಡ್ ಬಂತು ಅಂದ ಕೂಡಲೇ ನನ್ನ ಕೈ ಹೋಗುವುದು ವೈರಿಗೆ, ವೈರುಗಳನ್ನು ಜೋಡಿಸುವ ಕಪ್ಲರಿಗೆ, ಕರೆಂಟ್ ಬ್ಯಾಟರಿಗೆ ವಾಪಸ್ ಹೋಗುವ ದಾರಿಯಾದ ಅರ್ಥಿಂಗಿಗೆ. ಸೆನ್ಸರ್ ಬದಲಿಸುವ ಮಾತು ಕೊನೆಗೆ. ಗಾಡಿ ಇಟ್ಟುಕೊಂಡವರಿಗೂ, ಗ್ಯಾರೇಜಿಗೆ ಹೊಸದಾಗಿ ಸೇರಿದ ಹುಡುಗರಿಗೂ ಉಪಯೋಗ ಆಗಲಿ ಅಂತ ನಾನು ಮಾಡುವ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಲೈಟ್ ನೋಡಿ

ಹಳದಿ ಇಂಜಿನ್ ಲೈಟ್ ಎರಡು ಥರ ಬರುತ್ತದೆ. ಸುಮ್ಮನೆ ಹತ್ತಿಕೊಂಡೇ ಇದ್ದರೆ, ಗಾಡಿ ಸರಿಯಾಗಿ ಎಳೆಯುತ್ತಿದ್ದರೆ, ನಿಧಾನಕ್ಕೆ ಮನೆ ಮುಟ್ಟಬಹುದು. ಮಿಣುಕುತ್ತಿದ್ದರೆ ಮಾತ್ರ ಆಕ್ಸಿಲರೇಟರ್ ಮೇಲಿನ ಕಾಲು ತೆಗೆಯಿರಿ, ಜಾಗ ನೋಡಿ ಬದಿಗೆ ಹಾಕಿ ಬಂದ್ ಮಾಡಿ. ಇಂಜಿನ್ ಜೋರಾಗಿ ಮಿಸ್ಸಿಂಗ್ ಹೊಡೆಯುತ್ತಿದೆ, ಯಾವುದೋ ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ ಅಂತ ಅದರ ಅರ್ಥ. ಸಿಲಿಂಡರಿನಲ್ಲಿ ಉರಿಯದ ಪೆಟ್ರೋಲ್ ಸೈಲೆನ್ಸರ್ ದಾರಿಯಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿಯುತ್ತದೆ. ಒಳಗಿನ ಜೇನುಗೂಡಿನಂಥ ಭಾಗ ಕಾದು ಕರಗುತ್ತದೆ. ಕಿಡಿ ಕೊಡುವ ಒಂದು ಕಾಯಿಲ್‌ನಲ್ಲಿ ಮುಗಿಯುವ ಖರ್ಚು ಹತ್ತಾರು ಸಾವಿರಕ್ಕೆ ಏರುತ್ತದೆ. ಇನ್ನು ಕೆಂಪು ಎಣ್ಣೆ ಲೈಟ್ ಬಂದರೆ, ಬಿಸಿಯ ಮುಳ್ಳು ಮೇಲೆ ಹೋದರೆ ಕೋಡ್ ಓದುತ್ತ ಕೂರಬೇಡಿ. ಇಂಜಿನ್ ಆಗಿಂದಾಗಲೇ ಬಂದ್ ಆಗಬೇಕು.

ಬೇಕಾಗುವ ಸಾಮಾನು ಜಾಸ್ತಿ ಏನಿಲ್ಲ. ಇಎಲ್‌ಎಂ327 ಅನ್ನುವ ಬ್ಲೂಟೂತ್ ಅಡಾಪ್ಟರ್ ಆನ್‌ಲೈನಿನಲ್ಲಿ ಕಡಿಮೆ ದುಡ್ಡಿಗೆ ಸಿಗುತ್ತದೆ. ಫೋನಿಗೆ ಟಾರ್ಕ್ ಅಥವಾ ಕಾರ್ ಸ್ಕ್ಯಾನರ್ ಆ್ಯಪ್ ಹಾಕಿಕೊಂಡರೆ ಮನೆ ಮಟ್ಟಿಗೆ ಸಾಕು. ಇದರ ಜೊತೆ ಒಂದು ಮಲ್ಟಿಮೀಟರ್ ತಗೊಳ್ಳಿ. ಎರಡರಲ್ಲಿ ಒಂದೇ ತಗೊಳ್ಳಲು ಸಾಧ್ಯ ಅಂದರೆ ನಾನು ಮಲ್ಟಿಮೀಟರ್ ತಗೊಳ್ಳಿ ಅನ್ನುತ್ತೇನೆ. ಕೋಡನ್ನು ಯಾರ ಹತ್ತಿರವಾದರೂ ಓದಿಸಬಹುದು. ವೈರಿನಲ್ಲಿ ಕರೆಂಟ್ ಬರುತ್ತಿದೆಯಾ ಅಂತ ನೋಡುವುದು ನಿಮ್ಮ ಕೈಯಲ್ಲೇ ಇರಬೇಕು.

ಅಡಾಪ್ಟರ್ ಸಿಕ್ಕಿಸುವ 16 ಪಿನ್ನಿನ ಸಾಕೆಟ್ ಸ್ಟೀರಿಂಗ್ ಕೆಳಗೆ, ಡ್ರೈವರ್ ಮೊಣಕಾಲಿನ ಆಸುಪಾಸು ಇರುತ್ತದೆ. ಕೆಲವು ಗಾಡಿಯಲ್ಲಿ ಫ್ಯೂಸ್ ಬಾಕ್ಸ್ ಮುಚ್ಚಳದ ಹಿಂದೆ. ನಮ್ಮ ದೇಶದಲ್ಲಿ ಓಬಿಡಿ, ಅಂದರೆ ಗಾಡಿ ತನ್ನ ದೋಷ ತಾನೇ ಹಿಡಿದು ಕೋಡ್ ಬರೆಯುವ ವ್ಯವಸ್ಥೆ, ಕಡ್ಡಾಯ ಆಗಿದ್ದು ಏಪ್ರಿಲ್ 2010ರಿಂದ. ಓಬಿಡಿ-2 ಬಂದದ್ದು ಏಪ್ರಿಲ್ 2013ರಿಂದ. ನಿಮ್ಮ ಗಾಡಿ 2013ರ ನಂತರದ್ದಾದರೆ ಫೋನಿನ ಆ್ಯಪ್ ಸಾಮಾನ್ಯವಾಗಿ ಮಾತಾಡುತ್ತದೆ. ಅದಕ್ಕಿಂತ ಹಳೆಯದಾದರೆ ಕಂಪನಿಯ ಸ್ಕ್ಯಾನರ್ ಬೇಕಾಗಬಹುದು.

ಓದುವುದು ಬೇರೆ, ಅಳಿಸುವುದು ಬೇರೆ

ಆ್ಯಪಿನಲ್ಲಿ ಕೋಡ್ ಕಂಡ ತಕ್ಷಣ ಪಕ್ಕದಲ್ಲೇ ಅಳಿಸುವ ಬಟನ್ ಇರುತ್ತದೆ. ಬೆರಳು ತುರಿಸುತ್ತದೆ. ದಯವಿಟ್ಟು ಒತ್ತಬೇಡಿ. ಅಳಿಸಿದರೆ ಕೋಡಿನ ಜೊತೆ ಇನ್ನೊಂದು ಬೆಲೆಬಾಳುವ ವಸ್ತು ಹೋಗುತ್ತದೆ. ಅದರ ಹೆಸರು ಫ್ರೀಜ್ ಫ್ರೇಮ್. ದೋಷ ಕಂಡ ಆ ಒಂದು ಕ್ಷಣದಲ್ಲಿ ಇಂಜಿನ್ ಎಷ್ಟು ಸುತ್ತುತ್ತಿತ್ತು, ಗಾಡಿ ಎಷ್ಟು ಸ್ಪೀಡಿನಲ್ಲಿತ್ತು, ಎಷ್ಟು ಬಿಸಿ ಇತ್ತು, ಎಷ್ಟು ಭಾರ ಎಳೆಯುತ್ತಿತ್ತು, ಎಲ್ಲವನ್ನೂ ಕಂಪ್ಯೂಟರ್ ಬರೆದಿಟ್ಟಿರುತ್ತದೆ. ಮೊದಲು ಅದರ ಸ್ಕ್ರೀನ್‌ಶಾಟ್ ತೆಗೆಯಿರಿ. ನನ್ನ ಹತ್ತಿರ ಉದ್ದ ರಟ್ಟಿನ ಪುಸ್ತಕ ಇದೆ. ಗಾಡಿ ನಂಬರ್, ಕಿಲೋಮೀಟರ್, ಕೋಡ್, ಫ್ರೀಜ್ ಫ್ರೇಮ್ ಇಷ್ಟನ್ನೂ ಬರೆದ ಮೇಲೆಯೇ ಪಾನಾ ಹಿಡಿಯುವುದು.

ಗೋಕರ್ಣದಲ್ಲಿ ಟ್ಯಾಕ್ಸಿ ಓಡಿಸುವ ಹುಡುಗನೊಬ್ಬ ಬಂದಿದ್ದ. "ಅಣ್ಣಾ, ಮೂರು ಸಲ ಲೈಟ್ ತೆಗೆಸಿದೆ, ಮತ್ತೆ ಬರ್ತದೆ" ಅಂದ. ಕೋಡ್ ಪಿ0171, ಅಂದರೆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಇಲ್ಲ. ಊರೊಳಗೆ ಓಡಿಸಿದರೆ ಎಲ್ಲ ಸರಿ. ಫ್ರೀಜ್ ಫ್ರೇಮ್ ನೋಡಿದೆ. ಸ್ಪೀಡ್ 32, ಆರ್‌ಪಿಎಂ 2900, ಲೋಡ್ 94. ಎರಡನೇ ಗೇರಿನಲ್ಲಿ ಘಟ್ಟ ಹತ್ತುವಾಗ ಬಂದ ಕೋಡ್ ಅದು ಅಂತ ಆ ಮೂರು ಅಂಕೆಯೇ ಹೇಳಿತು. ಇಬ್ಬರೂ ದೇವಿಮನೆ ಕಡೆ ಹೊರಟೆವು. ಅದರ ಮುಂದಿನ ಕಥೆ ಆಮೇಲೆ ಹೇಳುತ್ತೇನೆ.

ಕೋಡಿನ ಅಕ್ಷರ ಅಂಕೆಗಳಿಗೂ ಒಂದು ಲೆಕ್ಕ ಇದೆ. ಪಿ ಅಂದರೆ ಇಂಜಿನ್ ಮತ್ತು ಗೇರ್ ಬಾಕ್ಸ್. ಬಿ ಅಂದರೆ ಬಾಡಿ, ಸಿ ಅಂದರೆ ಬ್ರೇಕ್ ಸ್ಟೀರಿಂಗಿನ ಕಡೆಯದು, ಯು ಅಂದರೆ ಕಂಪ್ಯೂಟರುಗಳ ನಡುವಿನ ಮಾತು ತಪ್ಪಿದ್ದು. ಪಿ ಆದಮೇಲೆ ಸೊನ್ನೆ ಇದ್ದರೆ ಎಲ್ಲ ಕಂಪನಿಗೂ ಒಂದೇ ಅರ್ಥ. 1 ಇದ್ದರೆ ಆ ಕಂಪನಿಯ ಸ್ವಂತ ಕೋಡ್. ಬೇರೆ ಕಂಪನಿಯ ಪಟ್ಟಿ ನೋಡಿ ಅರ್ಥ ಹಚ್ಚಬಾರದು. ಅದರ ಮುಂದಿನ ಅಂಕೆ ಜಾಗ ಹೇಳುತ್ತದೆ. 1 ಮತ್ತು 2 ಇದ್ದರೆ ಗಾಳಿ, ಇಂಧನ. 3 ಇದ್ದರೆ ಕಿಡಿ ಮತ್ತು ಮಿಸ್ಸಿಂಗ್. 4 ಇದ್ದರೆ ಹೊಗೆ ಕಡಿಮೆ ಮಾಡುವ ವ್ಯವಸ್ಥೆ.

ಆದರೆ ಕೋಡಿನಲ್ಲಿ ಸೆನ್ಸರಿನ ಹೆಸರಿದ್ದ ಮಾತ್ರಕ್ಕೆ ಸೆನ್ಸರ್ ಕೆಟ್ಟಿದೆ ಅಂತ ತಿಳಿಯಬೇಡಿ. ತೋಟದ ಕೆಲಸದವನು ಬಂದು "ಅಡಿಕೆ ಉದುರಿದೆ" ಅಂತ ಹೇಳಿದ ಹಾಗೆ ಅದು. ಕೊಳೆ ರೋಗ ಬಂದು ಉದುರಿತೋ, ಮಂಗ ಉದುರಿಸಿತೋ, ಗಾಳಿಗೆ ಬಿತ್ತೋ, ನೀವು ಹೋಗಿ ನೋಡಬೇಕು. ನೋಡದೆ ಔಷಧಿ ಹೊಡೆದರೆ ಮಂಗ ನಿಲ್ಲುತ್ತದಾ?

ಉಪ್ಪು, ನೀರು, ಅರ್ಥಿಂಗ್

ಯಾವ ಕೋಡೇ ಇರಲಿ, ಮೊದಲು ಬ್ಯಾಟರಿ. ರಾತ್ರಿ ನಿಂತ ಗಾಡಿಯ ಬ್ಯಾಟರಿ ಬೆಳಿಗ್ಗೆ 12.6 ವೋಲ್ಟ್ ಆಸುಪಾಸು ತೋರಿಸಬೇಕು. ಇಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.5. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿ ಸೋತಿದೆ. ವೋಲ್ಟ್ ಬಿದ್ದಾಗ ಕಂಪ್ಯೂಟರುಗಳು ಗಲಿಬಿಲಿಯಾಗಿ ಸಂಬಂಧವೇ ಇಲ್ಲದ ನಾಲ್ಕಾರು ಕೋಡ್ ಹಾಕಿಬಿಡುತ್ತವೆ, ಅದರಲ್ಲೂ ಯು ಕೋಡುಗಳು.

ಆಮೇಲೆ ಅರ್ಥಿಂಗ್. ನಮ್ಮ ಕರಾವಳಿಯವರು ಈ ಒಂದು ಪರೀಕ್ಷೆಯನ್ನಾದರೂ ಕಲಿಯಲೇಬೇಕು. ಮೀಟರನ್ನು ಡಿಸಿ ವೋಲ್ಟಿಗೆ ಇಡಿ. ಒಂದು ಕಡ್ಡಿ ಬ್ಯಾಟರಿಯ ಮೈನಸ್ ಗೂಟದ ಮೇಲೆ. ಕ್ಲಾಂಪಿನ ಮೇಲಲ್ಲ, ಸೀಸದ ಗೂಟದ ಮೇಲೆಯೇ. ಇನ್ನೊಂದು ಕಡ್ಡಿ ಇಂಜಿನ್ ಬ್ಲಾಕಿನ ಬಣ್ಣವಿಲ್ಲದ ಲೋಹದ ಮೇಲೆ. ಒಬ್ಬರನ್ನು ಕೂರಿಸಿ ಸೆಲ್ಫ್ ಹೊಡೆಸಿ. ಮೀಟರ್ 0.2 ವೋಲ್ಟ್ ಅಥವಾ ಅದಕ್ಕಿಂತ ಕಡಿಮೆ ತೋರಿಸಿದರೆ ದಾರಿ ಚೆನ್ನಾಗಿದೆ. ಅರ್ಧ ವೋಲ್ಟ್ ದಾಟಿದರೆ ಅರ್ಥಿಂಗ್ ಪಟ್ಟಿಯಲ್ಲೋ ಅದರ ಬೋಲ್ಟಿನಲ್ಲೋ ತೊಂದರೆ ಇದೆ.

ತದಡಿ ಬಂದರಿನಿಂದ ಮೀನು ಸಾಗಿಸುವವರೊಬ್ಬರ ವ್ಯಾನ್ ನೆನಪಾಗುತ್ತದೆ. ಒಂದೇ ಸಲಕ್ಕೆ ಐದು ಕೋಡ್. ಥ್ರಾಟಲ್, ಹೊಗೆಯಲ್ಲಿನ ಆಮ್ಲಜನಕ ನೋಡುವ ಆಕ್ಸಿಜನ್ ಸೆನ್ಸರ್, ಗಾಳಿ ಒತ್ತಡದ ಸೆನ್ಸರ್, ಇನ್ನೂ ಎರಡು. ಬೇರೆ ಒಂದು ಕಡೆ ತೋರಿಸಿದಾಗ ಇಂಜಿನ್ ಕಂಪ್ಯೂಟರೇ ಹೋಗಿದೆ ಅಂದಿದ್ದರಂತೆ. ಸಾಲ ಮಾಡಿ ಹಾಕಿಸಲು ತಯಾರಾಗಿದ್ದರು, ಪಾಪ. ಒಟ್ಟಿಗೆ ಐದು ಭಾಗ ಕೆಡುವುದು ತೀರಾ ಅಪರೂಪ. ಐದಕ್ಕೂ ಸಾಮಾನ್ಯವಾದದ್ದು ಏನು ಅಂತ ಹುಡುಕಬೇಕು. ಸೆಲ್ಫ್ ಹೊಡೆಸಿ ನೋಡಿದರೆ ಮೀಟರ್ 1.4 ವೋಲ್ಟ್ ತೋರಿಸಿತು. ಬ್ಯಾಟರಿ ತಟ್ಟೆಯ ಕೆಳಗಿನ ಅರ್ಥ್ ಪಟ್ಟಿ ಹೊರಗಿಂದ ಚೆನ್ನಾಗಿಯೇ ಕಾಣುತ್ತಿತ್ತು. ಬೋಲ್ಟ್ ಬಿಚ್ಚಿ ಕೈಯಲ್ಲಿ ಬಗ್ಗಿಸಿದರೆ ಹೆಣೆದ ತಂತಿ ಹಸಿರು ಪುಡಿಯಾಗಿ ಅಂಗೈ ಮೇಲೆ ಉದುರಿತು. ಐಸ್ ಕರಗಿದ ಉಪ್ಪುನೀರು ಎಷ್ಟೋ ತಿಂಗಳಿಂದ ಅದೇ ಜಾಗಕ್ಕೆ ಇಳಿಯುತ್ತಿತ್ತು. ಹೊಸ ಪಟ್ಟಿ ಹಾಕಿದೆ. ಬಾಡಿಯ ಮೇಲಿನ ಜಾಗವನ್ನು ಪಾಲಿಷ್ ಪೇಪರಿನಲ್ಲಿ ಲೋಹ ಹೊಳೆಯುವ ತನಕ ಉಜ್ಜಿ, ಬೋಲ್ಟ್ ಬಿಗಿ ಮಾಡಿ, ಮೇಲಿನಿಂದ ಗ್ರೀಸ್ ಸವರಿದೆ. ಗ್ರೀಸ್ ಹಚ್ಚುವುದು ಬಿಗಿ ಮಾಡಿದ ಮೇಲೆ, ಇದನ್ನು ಹುಡುಗರು ಮರೆಯಬಾರದು. ಐದು ಕೋಡೂ ಮತ್ತೆ ಬರಲಿಲ್ಲ.

ಕಪ್ಲರುಗಳ ಕಥೆಯೂ ಇದೇ. ಸಮುದ್ರದ ಅಂಚಿನ ಮನೆಯ ಗಾಡಿಯಲ್ಲಿ ಕಪ್ಲರ್ ಬಿಚ್ಚಿದರೆ ಪಿನ್ನಿನ ಬುಡದಲ್ಲಿ ಹಸಿರು ಕಿಲುಬು ಇದ್ದೇ ಇರುತ್ತದೆ. ಕೋಡ್ ಯಾವ ಸೆನ್ಸರಿನ ಹೆಸರು ಹೇಳುತ್ತದೋ ಆ ಕಪ್ಲರನ್ನು ಇಗ್ನಿಷನ್ ಬಂದ್ ಇರುವಾಗ ಬಿಚ್ಚಿ. ಲಾಕ್ ಒತ್ತಿ ಕಪ್ಲರಿನ ಮೈ ಹಿಡಿದು ಎಳೆಯಬೇಕು, ವೈರ್ ಹಿಡಿದು ಎಳೆಯಬಾರದು. ಒಳಗೆ ಟಾರ್ಚ್ ಬಿಟ್ಟು ನೋಡಿ. ಪಿನ್ ಬಗ್ಗಿದೆಯಾ, ಒಳಗೆ ಸರಿದಿದೆಯಾ, ನೀರಿನ ಹನಿ ಇದೆಯಾ, ರಬ್ಬರ್ ವಾಷರ್ ಜಾಗದಲ್ಲಿದೆಯಾ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಮೆತ್ತಗಿನ ಬ್ರಷ್ಷಿನಲ್ಲಿ ತೊಳೆದು ಒಣಗಿಸಿ ಮತ್ತೆ ಹಾಕಿ. ಎಷ್ಟೋ ಗಾಡಿ ಇಷ್ಟಕ್ಕೇ ಸರಿಯಾಗಿವೆ. ಸೂಜಿ ಚುಚ್ಚಿ ವೈರ್ ನೋಡುವ ಅಭ್ಯಾಸ ಕೆಲವರಿಗಿದೆ. ನಮ್ಮೂರಿನಲ್ಲಿ ಅದು ಬೇಡ. ಆ ಸಣ್ಣ ತೂತಿನಿಂದ ನೀರು ಹೊಕ್ಕು ಮುಂದಿನ ಮಳೆಗಾಲಕ್ಕೆ ತಾಮ್ರ ಕೊಳೆತಿರುತ್ತದೆ.

ಮೈನಸ್ 40 ಹೇಗೆ ಬಂತು

ಈಗ ಅಕ್ಕೋರ ಗಾಡಿಗೆ ವಾಪಸ್ ಬರೋಣ. ಇದೊಂದು ಅರ್ಥವಾದರೆ ಅರ್ಧ ಸೆನ್ಸರುಗಳ ಗುಟ್ಟು ಅರ್ಥವಾದ ಹಾಗೆ. ಬಿಸಿ ಅಳೆಯುವ ಸೆನ್ಸರಿಗೆ ಎರಡೇ ವೈರು. ಕಂಪ್ಯೂಟರ್ ಒಂದು ವೈರಿನಲ್ಲಿ 5 ವೋಲ್ಟ್ ಕಳಿಸುತ್ತದೆ, ಇನ್ನೊಂದು ಅರ್ಥ್. ಸೆನ್ಸರ್ ತಣ್ಣಗಿದ್ದಾಗ ಅದರ ತಡೆ ಜಾಸ್ತಿ, ವೋಲ್ಟ್ ಮೇಲೆ ಉಳಿಯುತ್ತದೆ. ಬಿಸಿಯಾದಾಗ ತಡೆ ಕಡಿಮೆ, ವೋಲ್ಟ್ ಇಳಿಯುತ್ತದೆ. ವೈರ್ ತುಂಡಾದರೆ? ಪೂರ್ತಿ 5 ವೋಲ್ಟ್ ಹಾಗೇ ನಿಲ್ಲುತ್ತದೆ. ಕಂಪ್ಯೂಟರಿಗೆ ಅದು ಅತಿ ತಣ್ಣಗೆ. ಓಬಿಡಿ ಲೆಕ್ಕದಲ್ಲಿ ತೋರಿಸಬಹುದಾದ ಅತಿ ಕಡಿಮೆ ಅಂಕೆಯೇ ಮೈನಸ್ 40. ಹಾಗಾಗಿ ಮೈನಸ್ 40 ಕಂಡರೆ "ಎಲ್ಲೋ ದಾರಿ ಕಡಿದಿದೆ" ಅಂತ ಓದಿಕೊಳ್ಳಿ. ವೈರ್ ಅರ್ಥಿಗೆ ತಾಗಿದ್ದರೆ ಉಲ್ಟಾ, ನಂಬಲಾಗದಷ್ಟು ಬಿಸಿ ತೋರಿಸುತ್ತದೆ.

ಇದಕ್ಕೊಂದು ಸುಲಭದ ಪರೀಕ್ಷೆ ಇದೆ. ಸೆನ್ಸರಿನ ಕಪ್ಲರ್ ಬಿಚ್ಚಿ, ವೈರಿನ ಕಡೆಯ ಎರಡು ಪಿನ್ನುಗಳನ್ನು ಒಂದು ಸಣ್ಣ ತಂತಿಯಿಂದ ಸೇರಿಸಿ. ಚಾವಿ ಆನ್ ಮಾಡಿ ಫೋನ್ ನೋಡಿ. ಅಂಕೆ ಮೈನಸ್ 40ರಿಂದ ನೂರರ ಮೇಲಕ್ಕೆ ಹಾರಿದರೆ ವೈರೂ ಸರಿ, ಕಂಪ್ಯೂಟರೂ ಸರಿ, ಸೆನ್ಸರ್ ಕೆಟ್ಟಿದೆ. ಅಂಕೆ ಅಲ್ಲಾಡದಿದ್ದರೆ ಸೆನ್ಸರ್ ತರಬೇಡಿ, ವೈರ್ ಹುಡುಕಿ. ಎರಡು ವೈರಿನ ಬಿಸಿ ಸೆನ್ಸರಿಗೆ ಮಾತ್ರ ಇದನ್ನು ಮಾಡಿ. ಮೂರು ವೈರ್ ಇರುವ ಸೆನ್ಸರಿಗೆ ಮಾಡಿದರೆ ಹಾನಿ ಆಗಬಹುದು.

ಇಲಿ ಕಡಿದ ವೈರನ್ನು ತಿರುಚಿ ಟೇಪ್ ಸುತ್ತಿ ಬಿಡಬೇಡಿ. ಬ್ಯಾಟರಿ ಮೈನಸ್ ತೆಗೆದು, ವೈರನ್ನು ಹಿಂದಕ್ಕೆ ಕತ್ತರಿಸುತ್ತ ಹೋಗಿ, ತಾಮ್ರ ಕೆಂಪಗೆ ಹೊಳೆಯುವ ತನಕ. ನೀರು ಎಳೆಗಳ ನಡುವೆ ಏರುವುದರಿಂದ ಕೆಲವೊಮ್ಮೆ ಗೇಣುದ್ದ ಕಪ್ಪಾಗಿರುತ್ತದೆ. ಅಷ್ಟನ್ನೂ ತೆಗೆಯಬೇಕು. ಅದೇ ದಪ್ಪದ ಹೊಸ ವೈರ್ ಜೋಡಿಸಿ ಬೆಸುಗೆ ಹಾಕಿ, ಹೀಟ್ ಶ್ರಿಂಕ್ ಕೊಳವೆ ಏರಿಸಿ ಕಾಯಿಸಿ. ಗೂಡಿನ ಕಸ ಪೂರ್ತಿ ತೆಗೆದು ಒರೆಸಿ. ಬಾನೆಟ್ ಒಳಗೆ ಒಣ ನಾರು ಇರುವುದು ಬೆಂಕಿಗೂ ದಾರಿ. ಗಾಡಿಯನ್ನು ಅಡಿಕೆ ಚೀಲ, ಹಿಂಡಿ ಚೀಲ ಇಡುವ ಅಟ್ಟದ ಕೆಳಗೆ ನಿಲ್ಲಿಸುವುದನ್ನು ಬಿಟ್ಟರೆ ಇಲಿ ಅರ್ಧ ಕಡಿಮೆ ಆಗುತ್ತದೆ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಬಾನೆಟ್ ಎತ್ತಿ ನೋಡಿ.

ಮಿಸ್ಸಿಂಗ್

ಪಿ0300 ಅಂದರೆ ಎಲ್ಲೆಲ್ಲೋ ಮಿಸ್ಸಿಂಗ್. ಪಿ0301ರಿಂದ ಪಿ0304 ಬಂದರೆ ಕೊನೆಯ ಅಂಕೆಯೇ ಸಿಲಿಂಡರಿನ ನಂಬರ್. ಅಡ್ಡಲಾಗಿ ಕೂರಿಸಿದ ಇಂಜಿನ್ನುಗಳಲ್ಲಿ ಸಾಮಾನ್ಯವಾಗಿ ಟೈಮಿಂಗ್ ಚೈನಿನ ಕಡೆಯಿಂದ ಎಣಿಸುತ್ತಾರೆ, ಆದರೂ ನಿಮ್ಮ ಗಾಡಿಯದ್ದನ್ನು ಖಾತ್ರಿ ಮಾಡಿಕೊಳ್ಳಿ.

ಪಿ0302 ಬಂತು ಅಂದುಕೊಳ್ಳಿ. ಇಂಜಿನ್ ಬಂದ್ ಮಾಡಿ ತಣಿಯಲು ಬಿಡಿ. ಎರಡನೇ ಮತ್ತು ಮೂರನೇ ಸಿಲಿಂಡರಿನ ಕಾಯಿಲ್ ಬಿಚ್ಚಿ, ಅದನ್ನು ಇಲ್ಲಿಗೆ, ಇದನ್ನು ಅಲ್ಲಿಗೆ ಹಾಕಿ. ಬೇರೇನೂ ಮುಟ್ಟಬೇಡಿ. ಕೋಡ್ ಅಳಿಸಿ ಓಡಿಸಿ. ಪಿ0303 ಬಂದರೆ ದೋಷ ಕಾಯಿಲ್ ಜೊತೆ ಹೋಯಿತು, ಕಾಯಿಲ್ ಬದಲಿಸಿ. ಪಿ0302ರಲ್ಲೇ ನಿಂತರೆ ಪ್ಲಗ್ಗುಗಳನ್ನು ಹೀಗೇ ಅದಲು ಬದಲು ಮಾಡಿ. ಅದಕ್ಕೂ ಜಗ್ಗದಿದ್ದರೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್, ಸಿಲಿಂಡರಿನ ಒಳಗಿನ ಒತ್ತಡ ಅಂದರೆ ಕಂಪ್ರೆಷನ್ ನೋಡಬೇಕು. ಅಷ್ಟರ ಹೊತ್ತಿಗೆ ಗ್ಯಾರೇಜಿಗೆ ಹೋಗುವುದು ಒಳ್ಳೆಯದು. ಒಂದು ರೂಪಾಯಿ ಖರ್ಚಿಲ್ಲದ ಪರೀಕ್ಷೆ ಇದು. ಇದನ್ನು ಮಾಡದೆ ನಾಲ್ಕೂ ಕಾಯಿಲ್ ಬದಲಿಸುವುದು ನನಗೆ ನಿಜವಾಗಿಯೂ ಬೇಸರ ತರಿಸುವ ಕೆಲಸ.

ಕಾಯಿಲ್ ತೆಗೆದಾಗ ಗುಂಡಿಯೊಳಗೆ ನೋಡಿ. ಕೆಸರು ರಸ್ತೆ ಓಡಿದ ಮೇಲೆ ಇಂಜಿನ್ನಿಗೇ ಪೈಪ್ ಹಿಡಿದು ತೊಳೆಯುವವರಿದ್ದಾರೆ. ಆ ನೀರು ಪ್ಲಗ್ ಗುಂಡಿಯಲ್ಲಿ ನಿಲ್ಲುತ್ತದೆ. ಕಿಡಿ ಪ್ಲಗ್ಗಿನ ತುದಿಗೆ ಹೋಗುವ ಬದಲು ಪಿಂಗಾಣಿಯ ಹೊರಮೈಯಲ್ಲಿ ಜಾರಿ ಅರ್ಥಿಗೆ ಹೋಗುತ್ತದೆ. ಅಂಥ ಪ್ಲಗ್ಗನ್ನು ಬೆಳಕಿಗೆ ಹಿಡಿದರೆ ಬಿಳಿ ಪಿಂಗಾಣಿಯ ಮೇಲೆ ಪೆನ್ಸಿಲ್ಲಿನಲ್ಲಿ ಎಳೆದಂಥ ಸಪೂರ ಕಪ್ಪು ಗೆರೆ ಮೇಲಿಂದ ಕೆಳಗಿನ ತನಕ ಕಾಣುತ್ತದೆ. ಅದನ್ನು ಒರೆಸಿ ಹಾಕಿದರೆ ಪ್ರಯೋಜನ ಇಲ್ಲ, ಕಿಡಿ ಮತ್ತೆ ಅದೇ ದಾರಿ ಹಿಡಿಯುತ್ತದೆ. ಪ್ಲಗ್ಗೂ ಕಾಯಿಲ್ಲಿನ ರಬ್ಬರೂ ಎರಡೂ ಬದಲಾಗಬೇಕು. ಪ್ಲಗ್ ಬಿಚ್ಚುವ ಮೊದಲು ಗುಂಡಿಗೆ ಗಾಳಿ ಹೊಡೆದು ನೀರು, ಮಣ್ಣು ತೆಗೆಯಿರಿ. ಇಲ್ಲದಿದ್ದರೆ ಅಷ್ಟೂ ಸಿಲಿಂಡರಿಗೆ ಬೀಳುತ್ತದೆ.

ನಾನು ತಪ್ಪು ಮಾಡಿದ ಕೋಡ್

ಪಿ0171 ಬಗ್ಗೆ ಬರೆಯದೆ ಬಿಟ್ಟರೆ ಸರಿಯಾಗುವುದಿಲ್ಲ. ನಿವೃತ್ತ ಮಾಸ್ತರೊಬ್ಬರ ಗಾಡಿಗೆ ಈ ಕೋಡ್ ಬಂದಿತ್ತು. ನಾನು ಆಗ ಸ್ಕ್ಯಾನರ್ ಹೊಸದಾಗಿ ತಂದಿದ್ದೆ. ಆಕ್ಸಿಜನ್ ಸೆನ್ಸರ್ "ಪೆಟ್ರೋಲ್ ಕಡಿಮೆ" ಅಂತ ತೋರಿಸುತ್ತಲೇ ಇತ್ತು. ಸೆನ್ಸರ್ ಕೆಟ್ಟಿದೆ ಅಂದೆ, ಬದಲಿಸಿದೆ. ಹತ್ತು ದಿನಕ್ಕೆ ಮಾಸ್ತರು ಮತ್ತೆ ಬಂದರು. ಸಿಟ್ಟು ಮಾಡಲಿಲ್ಲ. "ಇನ್ನೊಮ್ಮೆ ನೋಡು ಮಾರಾಯಾ" ಅಂದರು ಅಷ್ಟೇ. ಆ ಮಾತು ಇವತ್ತಿಗೂ ಚುಚ್ಚುತ್ತದೆ. ಹಳೆ ಸೆನ್ಸರ್ ನಿಜವನ್ನೇ ಹೇಳುತ್ತಿತ್ತು. ಇನ್‌ಟೇಕ್ ಮ್ಯಾನಿಫೋಲ್ಡ್ ಅನ್ನುವ ಗಾಳಿ ಹಂಚುವ ಕೊಳವೆಯ ಕೆಳಗೆ, ಕಣ್ಣಿಗೆ ಕಾಣದ ಕಡೆ, ಸಣ್ಣ ರಬ್ಬರ್ ಪೈಪಿನ ತಿರುವು ಒಣಗಿ ಬಿರುಕು ಬಿಟ್ಟಿತ್ತು. ಬೆರಳು ಆಡಿಸಿದಾಗ ಉಗುರು ಸಿಕ್ಕಿಕೊಂಡಿತು. ಅಲ್ಲಿಂದ ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ಹೋಗುತ್ತಿತ್ತು. ಸೆನ್ಸರಿನ ದುಡ್ಡು ಮಾಸ್ತರಿಗೆ ವಾಪಸ್ ಕೊಟ್ಟೆ.

ಇದನ್ನು ಹಿಡಿಯಲು ಆ್ಯಪಿನಲ್ಲಿ ಫ್ಯುಯೆಲ್ ಟ್ರಿಮ್ ಅನ್ನುವ ಎರಡು ಅಂಕೆ ನೋಡಿ, ಒಂದು ಶಾರ್ಟ್, ಒಂದು ಲಾಂಗ್. ಎರಡೂ ಸೇರಿ ಸೊನ್ನೆಯ ಆಸುಪಾಸು, ಐದಾರು ಶೇಕಡಾ ಆಚೀಚೆ ಇದ್ದರೆ ಆರೋಗ್ಯ. ಪ್ಲಸ್ ಕಡೆ ಏರಿದೆ ಅಂದರೆ ಕಂಪ್ಯೂಟರ್ ಜಾಸ್ತಿ ಪೆಟ್ರೋಲ್ ಸುರಿದು ಸರಿದೂಗಿಸುತ್ತಿದೆ. ಇಂಜಿನ್ ಬಿಸಿ ಆದಮೇಲೆ ಐಡಲಿಂಗಿನಲ್ಲಿ ಒಮ್ಮೆ ನೋಡಿ, 2500 ಆರ್‌ಪಿಎಂನಲ್ಲಿ ಹಿಡಿದು ಒಮ್ಮೆ ನೋಡಿ. ಗಾಳಿ ಅಳೆಯುವ ಮಾಫ್ ಸೆನ್ಸರ್ ಇರುವ ಗಾಡಿಯಲ್ಲಿ, ಐಡಲಿಂಗಿನಲ್ಲಿ ಪ್ಲಸ್ 22 ಇದ್ದದ್ದು 2500ರಲ್ಲಿ ಪ್ಲಸ್ 6ಕ್ಕೆ ಇಳಿದರೆ ಎಲ್ಲೋ ಗಾಳಿ ಸೋರುತ್ತಿದೆ. ಮಾಸ್ತರ ಗಾಡಿಯದ್ದು ಇದೇ ಆಗಿತ್ತು. ಸೋರಿಕೆ ಹುಡುಕಲು ಕೆಲವರು ಊದುಬತ್ತಿ ಹಚ್ಚಿ ಹಿಡಿಯುತ್ತಾರೆ. ಪೆಟ್ರೋಲ್ ಇಂಜಿನ್ ಹತ್ತಿರ ಬೆಂಕಿ ಬೇಡವೇ ಬೇಡ. ಪೈಪುಗಳ ಮೇಲೆ ಸೋಪಿನ ನೀರು ಸಣ್ಣಗೆ ಚಿಮುಕಿಸಿ. ಬಿರುಕಿದ್ದಲ್ಲಿ ಒಳಗೆ ಹೀರಿಕೊಂಡು ಇಂಜಿನ್ನಿನ ಸದ್ದು ಬದಲಾಗುತ್ತದೆ.

ಗೋಕರ್ಣದ ಹುಡುಗನ ಗಾಡಿ ಇದಕ್ಕೆ ತದ್ವಿರುದ್ಧ. ಕುಮಟಾ ಪೇಟೆಯಲ್ಲಿ ಟ್ರಿಮ್ ಪ್ಲಸ್ 4. ಘಟ್ಟದ ತಿರುವಿನಲ್ಲಿ ಕಾಲು ಒತ್ತಿದಾಗ 12, 17, 20 ಅಂತ ನನ್ನ ಕಣ್ಣೆದುರೇ ಏರಿತು. ಭಾರ ಬಿದ್ದಾಗ ಏರಿದರೆ ಪೆಟ್ರೋಲ್ ಸಾಲುತ್ತಿಲ್ಲ, ಇಲ್ಲವೇ ಮಾಫ್ ಸೆನ್ಸರ್ ಕೊಳೆಯಾಗಿ ಗಾಳಿಯನ್ನು ಕಡಿಮೆ ಲೆಕ್ಕ ಹಾಕುತ್ತಿದೆ. ಮಾಫ್ ಕ್ಲೀನರಿನಲ್ಲಿ ತೊಳೆದು ನೋಡಿದೆ, ಬದಲಾಗಲಿಲ್ಲ. ಗೇಜ್ ಹಾಕಿ ಪೆಟ್ರೋಲ್ ಒತ್ತಡ ನೋಡಿದೆ, ಪಂಪ್ ಸೋತಿತ್ತು. ಊರೊಳಗೆ ನಿಲ್ಲಿಸಿ ನೋಡಿದ್ದರೆ ಅದು ಎಂದೂ ಸಿಗುತ್ತಿರಲಿಲ್ಲ.

ಉಳಿದವು ಚಿಕ್ಕದಾಗಿ

ಪಿ0420, ಅಂದರೆ ಕ್ಯಾಟಲಿಟಿಕ್ ಕನ್ವರ್ಟರ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅನ್ನುವ ಕೋಡ್, ಬಂದರೆ ಅದನ್ನೇ ಬದಲಿಸಿ ಅನ್ನುತ್ತಾರೆ. ಮೊದಲು ಸೈಲೆನ್ಸರ್ ಪೈಪಿನ ಜೋಡಣೆಗಳಲ್ಲಿ ಹೊಗೆ ಸೋರುತ್ತಿದೆಯಾ ನೋಡಿ. ಉಪ್ಪು ಗಾಳಿಗೆ ಆ ಜೋಡಣೆಗಳು ಬೇಗ ತೂತಾಗುತ್ತವೆ. ಮಿಸ್ಸಿಂಗ್ ಕೋಡ್ ಜೊತೆಗಿದ್ದರೆ ಅದನ್ನು ಮೊದಲು ಸರಿ ಮಾಡಿ.

ಪಿ0128 ಅಂದರೆ ಇಂಜಿನ್ ಬಿಸಿ ಆಗಬೇಕಾದಷ್ಟು ಆಗುತ್ತಿಲ್ಲ. ಇಂಜಿನ್ ಬಿಸಿ ಆಗುವ ತನಕ ನೀರನ್ನು ರೇಡಿಯೇಟರಿಗೆ ಬಿಡದೆ ತಡೆಯುವ ಥರ್ಮೋಸ್ಟಾಟ್ ನಮ್ಮ ಸೆಕೆಗೆ ಬೇಡ ಅಂತ ಕಿತ್ತು ಬಿಸಾಡುವ ಹಳೆ ರೂಢಿ ಇನ್ನೂ ಇದೆ. ಅದು ತಪ್ಪು. ಇಂಜಿನ್ ತಣ್ಣಗಿದೆ ಅಂತ ಕಂಪ್ಯೂಟರ್ ಪೆಟ್ರೋಲ್ ಜಾಸ್ತಿ ಸುರಿಯುತ್ತದೆ, ಎವರೇಜ್ ಬೀಳುತ್ತದೆ. ಥರ್ಮೋಸ್ಟಾಟ್ ಹಾಕಿಸಿ.

ಡೀಸೆಲ್ ಗಾಡಿಯವರಿಗೆ ಎರಡು ಮಾತು. ಏಪ್ರಿಲ್ 2020ರ ನಂತರದ ಬಿಎಸ್6 ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಜಾಲರಿ ಇದೆ. ಆ ಮಸಿ ಸುಡಲು ಸುಮಾರು 600 ಡಿಗ್ರಿ ಶಾಖ ಬೇಕು. ಮನೆಯಿಂದ ಪೇಟೆ, ಪೇಟೆಯಿಂದ ಮನೆ ಅಂತ ಎರಡೆರಡು ಕಿಲೋಮೀಟರ್ ಓಡಿಸಿದರೆ ಅಷ್ಟು ಬಿಸಿ ಆಗುವುದಿಲ್ಲ, ಜಾಲರಿಯಲ್ಲಿ ಮಸಿ ತುಂಬಿದೆ ಅನ್ನುವ ಪಿ2463 ಬರುತ್ತದೆ. ಡಿಪಿಎಫ್ ಲೈಟ್ ಮೊದಲ ಸಲ ಬಂದಾಗಲೇ ಹೆದ್ದಾರಿ 66ಕ್ಕೆ ಹೋಗಿ, ಅಂಕೋಲಾ ಕಡೆ ಒಂದೇ ಸಮನೆ 20–25 ನಿಮಿಷ ಓಡಿಸಿ. ನಡುವೆ ಬಂದ್ ಮಾಡಬೇಡಿ. ಇಂಜಿನ್ ಆಯಿಲ್ ಮಟ್ಟವೂ ನೋಡಿ. ಸುಡುವ ಕೆಲಸ ಪದೇ ಪದೇ ಅರ್ಧಕ್ಕೆ ನಿಂತರೆ ಡೀಸೆಲ್ ಆಯಿಲಿಗೆ ಸೇರಿ ಮಟ್ಟ ಏರುತ್ತದೆ. ಏರಿದ್ದರೆ ಆಯಿಲ್ ಬದಲಿಸಲೇಬೇಕು. ಇನ್ನು ಪಿ0087, ಡೀಸೆಲ್ ಒತ್ತಡ ಕಡಿಮೆ. ಮೊದಲು ಡೀಸೆಲ್ ಫಿಲ್ಟರ್ ಮತ್ತು ಅದರಲ್ಲಿ ನಿಂತ ನೀರು ನೋಡಿ. ಆದರೆ ಪಂಪಿನಿಂದ ಇಂಜೆಕ್ಟರಿಗೆ ಹೋಗುವ ಉಕ್ಕಿನ ಪೈಪುಗಳನ್ನು ಮನೆಯಲ್ಲಿ ಸಡಿಲಿಸಲೇಬೇಡಿ. ಅಲ್ಲಿ ಸಾವಿರ ಬಾರ್‌ಗಿಂತ ಜಾಸ್ತಿ ಒತ್ತಡ ಇರುತ್ತದೆ, ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ. ಹಾಗೆಯೇ ಹಳದಿ ಬಣ್ಣದ ಏರ್‌ಬ್ಯಾಗ್ ವೈರು, ಹೈಬ್ರಿಡ್ ಗಾಡಿಯ ಕಿತ್ತಳೆ ಬಣ್ಣದ ದಪ್ಪ ಕೇಬಲ್, ಇವೆರಡಕ್ಕೂ ಕೈ ಹಚ್ಚಬೇಡಿ.

ಸರಿ ಮಾಡಿದ ಮೇಲೆ ಈಗ ಕೋಡ್ ಅಳಿಸಿ. ಬ್ಯಾಟರಿ ಬಿಚ್ಚಿ ಅಳಿಸುವುದು ಬೇಡ, ಆ್ಯಪಿನಿಂದಲೇ ಅಳಿಸಿ. ಆಮೇಲೆ ಫ್ರೀಜ್ ಫ್ರೇಮಿನಲ್ಲಿ ಬರೆದಿಟ್ಟ ಪರಿಸ್ಥಿತಿಯಲ್ಲೇ ಗಾಡಿ ಓಡಿಸಿ. ಘಟ್ಟದಲ್ಲಿ ಬಂದ ಕೋಡಿಗೆ ಘಟ್ಟ, ಬೆಳಗಿನ ತಣ್ಣನೆ ಇಂಜಿನ್ನಿನಲ್ಲಿ ಬಂದದ್ದಕ್ಕೆ ಮರುದಿನ ಬೆಳಿಗ್ಗೆ. ಎಷ್ಟೋ ಕೋಡುಗಳು ಒಂದು ಓಟದಲ್ಲಿ ಕಂಡರೆ ಪೆಂಡಿಂಗ್ ಅಂತ ಬರೆದುಕೊಂಡು, ಎರಡನೇ ಓಟದಲ್ಲೂ ಕಂಡರೆ ಮಾತ್ರ ಲೈಟ್ ಹಾಕುತ್ತವೆ. ಆದ್ದರಿಂದ ಲೈಟ್ ಬಂದಿಲ್ಲ ಅಂತ ಬಿಡಬೇಡಿ, ಎರಡು ಮೂರು ದಿನ ಓಡಿಸಿ ಪೆಂಡಿಂಗ್ ಪಟ್ಟಿ ತೆರೆದು ನೋಡಿ. ಅಕ್ಕೋರು ಮೂರನೇ ದಿನ ಶಾಲೆ ಮುಗಿಸಿ ಫೋನ್ ಮಾಡಿದರು. ಪೆಂಡಿಂಗ್ ಏನೂ ಇಲ್ಲ, ಗಾಳಿ 27 ಡಿಗ್ರಿ ಅಂತ ತೋರಿಸುತ್ತಿದೆ ಅಂದರು. ಪುಸ್ತಕ ತೆಗೆದು ಅವರ ಗಾಡಿ ನಂಬರಿನ ಮುಂದೆ 27 ಅಂತ ಬರೆದುಕೊಂಡೆ.